ರಾತ್ರಿ ಗೂಡಿಗೆ ಬಂದದ್ದು ಯಾರು? ಗಾಯಗೊಂಡ ಕೋಳಿಯ ಆರೈಕೆ ಮತ್ತು ಗೂಡಿನ ದೋಷ ನಿವಾರಣೆ

ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಕೋಳಿಗಳು ಎಂದಿನಂತೆ ಹೊರಗೆ ಹಾರದೆ ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದರೆ ರಾತ್ರಿ ಏನೋ ಬಂದಿದೆ ಎಂದೇ ಅರ್ಥ. ನೆಲದಲ್ಲಿ ಗರಿ, ಒಂದೆರಡು ಸತ್ತದ್ದು, ಇನ್ನೊಂದು ಕುತ್ತಿಗೆ ವಾಲಿಸಿ ಉಸಿರೆಳೆಯುತ್ತಿರುವುದು. ಇಂಥ ಹೊತ್ತಿನಲ್ಲಿ ಹೆಚ್ಚಿನ ಮನೆಗಳಲ್ಲಿ ನಡೆಯುವ ಮೊದಲ ತಪ್ಪು ಗೂಡನ್ನು ಗುಡಿಸಿ ತೊಳೆದುಬಿಡುವುದು. ಎರಡನೆಯದು, 'ಕೀರಿಯದ್ದೇ ಕೆಲಸ' ಎಂದು ಕೂತಲ್ಲೇ ತೀರ್ಮಾನಿಸಿ ನೆಲದ ಹತ್ತಿರ ಒಂದು ತುಂಡು ಬಲೆ ಬಿಗಿಯುವುದು. ಬಂದದ್ದು ಮರಪಟ್ಟಿಯಾಗಿದ್ದರೆ (ಮರವೇರುವ, ಪುನುಗಿನ ಜಾತಿಯ ಪ್ರಾಣಿ) ಆ ಬಲೆಯಿಂದ ಏನೂ ಆಗದು, ಅದು ಇಳಿದು ಬಂದದ್ದು ಮಾಡಿನಿಂದ, ಅಂದರೆ ಛಾವಣಿಯಿಂದ.

ಕಾಸರಗೋಡು ಕಡೆಯ ಮನೆಗಳಿಗೆ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಗುಡ್ಡೆಯ ಬಲ್ಲೆ (ಪೊದೆಗಾಡು), ಕೆಳಗೆ ತೋಡು (ಸಣ್ಣ ಹಳ್ಳ). ಕೋಳಿ ತಿನ್ನುವ ಪ್ರಾಣಿಗಳಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ. ಅವನ್ನು ಓಡಿಸಿ ಮುಗಿಯುವುದಿಲ್ಲ. ಹುಡುಕಬೇಕಾದದ್ದು ಅವು ನುಗ್ಗಿದ ಸಂದನ್ನು. ಜೀವ ಇರುವ ಕೋಳಿ ಮೊದಲು, ಸತ್ತದ್ದರ ಪರೀಕ್ಷೆ ಆಮೇಲೆ, ರಿಪೇರಿ ಕೊನೆಗೆ. ಆದರೆ ಮೂರೂ ಅದೇ ದಿನ ಸೂರ್ಯ ಮುಳುಗುವ ಮೊದಲು ಮುಗಿಯಬೇಕು. ಒಮ್ಮೆ ಸುಲಭದಲ್ಲಿ ಊಟ ಸಿಕ್ಕಿದ ಜಾಗಕ್ಕೆ ಪ್ರಾಣಿ ಮರುದಿನವೇ ಬರುವುದು ಹೆಚ್ಚು.

ಮೊದಲ ಅರ್ಧ ಗಂಟೆ

ಗಾಯಗೊಂಡ ಕೋಳಿಯನ್ನು ಹಳೆ ಬೈರಾಸಿನಲ್ಲಿ (ಟವೆಲಿನಲ್ಲಿ) ರೆಕ್ಕೆ ಸೇರಿಸಿ ಸುತ್ತಿ ಎತ್ತಿ. ಎದೆಯ ಮೇಲೆ ಬಿಗಿ ಹಿಡಿಯಬಾರದು. ಕೋಳಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಉಳಿದ ಕೋಳಿಗಳ ಕಣ್ಣಿನಿಂದ ಅದನ್ನು ಮೊದಲು ದೂರ ಮಾಡಿ. ಕೆಂಪು ಕಂಡರೆ ಕುಟುಕುವುದು ಕೋಳಿಯ ಸ್ವಭಾವ, ಮರಪಟ್ಟಿ ಉಳಿಸಿ ಹೋದದ್ದನ್ನು ಒಡಹುಟ್ಟಿದವೇ ಮುಗಿಸುತ್ತವೆ.

ಒಂದು ರಟ್ಟಿನ ಪೆಟ್ಟಿಗೆ, ಅಡಿಗೆ ಹಳೆ ಬಟ್ಟೆ, ಮೇಲೆ ಗಾಳಿಯಾಡುವಂತೆ ಅರ್ಧ ಮುಚ್ಚಿಗೆ, ಕತ್ತಲೆ, ಶಬ್ದವಿಲ್ಲದ ಮೂಲೆ. ಜುಟ್ಟು ಬಿಳಿಚಿ, ಕಾಲು ತಣ್ಣಗಾಗಿ, ಕಣ್ಣು ಮುಚ್ಚಿ ಕೂತಿದ್ದರೆ ಅದು ಆಘಾತ. ಗಾಯದಿಂದ ಸಾಯದ ಕೋಳಿ ಇದರಿಂದ ಸಾಯುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ, ಹಾಗಾಗಿ ನಮ್ಮ ಕೈಗೆ ಅದು ಬೆಚ್ಚಗೆ ತಾಗಬೇಕು. ತಣ್ಣಗೆ ತಾಗಿದರೆ ಪೆಟ್ಟಿಗೆಯ ಒಂದು ಬದಿಗೆ ಮಾತ್ರ, ಒಂದೂವರೆ ಅಡಿ ದೂರದಲ್ಲಿ 40 ವ್ಯಾಟಿನ ಹಳೆ ಕಾಲದ ಬಲ್ಬು ಉರಿಸಿ. ಎಲ್‌ಇಡಿ ಬಲ್ಬಿನಿಂದ ಬಿಸಿ ಬಾರದು. ಕರೆಂಟು ಹೋಗಿದ್ದರೆ ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರೂ ಆದೀತು. ಬಿಸಿ ಹೆಚ್ಚಾದರೆ ಆಚೆ ಸರಿಯಲು ಕೋಳಿಗೆ ಜಾಗ ಇರಬೇಕು, ಅದಕ್ಕೇ ಒಂದು ಬದಿ ಮಾತ್ರ.

ನೀರು ಕುಡಿಸುವ ಅವಸರದಲ್ಲಿ ಕೋಳಿಯನ್ನು ಕೊಂದವರು ಬಹಳ. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ. ಕುತ್ತಿಗೆ ನಿಲ್ಲದ ಕೋಳಿಯ ಬಾಯಿಗೆ ಚಮಚದಲ್ಲಿ ಹೊಯ್ದರೆ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅದು ತಾನಾಗಿ ತಲೆ ಎತ್ತುವವರೆಗೆ ಕಾಯಿರಿ. ಆಮೇಲೆ ಕೊಕ್ಕಿನ ಬದಿಗೆ ಒಂದೊಂದೇ ಹನಿ ತಾಗಿಸಿ, ಅದೇ ನೆಕ್ಕಿ ನುಂಗಲಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚ ಬೆಲ್ಲದ ಪುಡಿ, ಎರಡು ಚಿಟಿಕೆ ಉಪ್ಪು ಸಾಕು. ಮನುಷ್ಯರ ಲೆಕ್ಕದಲ್ಲಿ ಉಪ್ಪು ಹಾಕಬೇಡಿ, ಕೋಳಿಗೆ ಉಪ್ಪು ಬೇಗ ವಿಷವಾಗುತ್ತದೆ.

ರಕ್ತ ಸುರಿಯುತ್ತಿದ್ದರೆ ಶುದ್ಧ ಹತ್ತಿಬಟ್ಟೆ ಒತ್ತಿ ಹಿಡಿಯಿರಿ, ಗಡಿಯಾರ ನೋಡಿ ಹತ್ತು ನಿಮಿಷ. ನಡುವೆ ಎತ್ತಿ ನೋಡಿದರೆ ಹೆಪ್ಪು ಒಡೆದು ಮತ್ತೆ ಮೊದಲಿನಿಂದ ಶುರು. ಜುಟ್ಟು, ಉಗುರಿನ ರಕ್ತಕ್ಕೆ ಅರಸಿನ ಪುಡಿಯೋ ಜೋಳದ ಹಿಟ್ಟೋ ಒತ್ತಿದರೆ ನಿಲ್ಲುತ್ತದೆ. ಆಳದ ಗಾಯಕ್ಕೆ ಯಾವ ಪುಡಿಯನ್ನೂ ತುಂಬಬಾರದು, ಒಳಗೆ ಗಟ್ಟಿಯಾಗಿ ಕೂತು ಅದರಡಿಯಲ್ಲೇ ಕೀವು ಕಟ್ಟುತ್ತದೆ.

ನಿಮ್ಮನ್ನೇ ನಾಯಿಯೋ ಕೀರಿಯೋ ಕಚ್ಚಿದ್ದರೆ, ಪರಚಿದ್ದರೆ ಕೋಳಿ ಅಲ್ಲಿರಲಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ತೆಗೆದುಕೊಳ್ಳಿ.

ಗಾಯ ಯಾವ ಬಗೆಯದ್ದು?

ಕೋಳಿಯ ಗಾಯ ಗರಿಯಡಿಯಲ್ಲಿ ಅಡಗುತ್ತದೆ. ಹೊರಗೆ ಒಂದು ಹನಿ ರಕ್ತ ಕಂಡಲ್ಲಿ ಗರಿಯನ್ನು ಎದುರು ಊದಿ ನೋಡಿ, ಇಡೀ ಮೈ ಬೆರಳಿನಿಂದ ತಡವಿ. ಬೆನ್ನು, ರೆಕ್ಕೆಯ ಕಂಕುಳು, ಕುತ್ತಿಗೆಯ ಬುಡ, ಬಾಲದ ಕೆಳಗೆ. ಗಾಯದ ಸುತ್ತಿನ ಗರಿಯನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ತೆಳ್ಳಗಿನ ತೊಗಲೂ ಹರಿದು ಬರುತ್ತದೆ.

ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಒಂದೂವರೆ. 20 ಮಿಲಿಯ ಸಿರಿಂಜಿನ ಸೂಜಿ ತೆಗೆದು, ಅದರಲ್ಲಿ ಎಳೆದು ರಭಸದಿಂದ ಗಾಯಕ್ಕೆ ಬಿಡಿ. ಮಣ್ಣು, ಹಿಕ್ಕೆ, ಗರಿಯ ಚೂರು ಹೋಗುವವರೆಗೆ ಹತ್ತು ಸಲವಾದರೂ. ಆಮೇಲೆ ಪೊವಿಡೋನ್ ಅಯೋಡಿನನ್ನು ಹತ್ತು ಪಾಲು ನೀರಿನಲ್ಲಿ ಬೆರೆಸಿ, ಕಣ್ಣ ಚಹಾದ (ಹಾಲು ಹಾಕದ ಚಹಾ) ಬಣ್ಣ ಬಂದದ್ದನ್ನು ಹಚ್ಚಿ. ಸೀಮೆಎಣ್ಣೆ, ಫಿನಾಯಿಲು, ಸುಣ್ಣ ಬೇಡವೇ ಬೇಡ. ನೋವು ಕಡಿಮೆಯಾಗಲೆಂದು ಲಿಗ್ನೊಕೇನ್ ಇರುವ ಮುಲಾಮು ಹಚ್ಚುವುದೂ ಬೇಡ, ಹಕ್ಕಿಗಳಿಗೆ ಅದರ ಪ್ರಮಾಣ ಬೇಗ ಮೀರುತ್ತದೆ.

ಒಂದು ಎಚ್ಚರ. ಗಾಯದಿಂದ ಉಸಿರಿನ ಜತೆ ಗುಳ್ಳೆ ಏಳುತ್ತಿದ್ದರೆ ಒಂದು ಹನಿ ನೀರನ್ನೂ ಒಳಗೆ ಬಿಡಬಾರದು. ಕೋಳಿಯ ಗಾಳಿಚೀಲಗಳು ಶ್ವಾಸಕೋಶದಲ್ಲಿ ಮುಗಿಯುವುದಿಲ್ಲ, ಹೊಟ್ಟೆಯವರೆಗೆ, ರೆಕ್ಕೆಯ ಮೇಲಿನ ಎಲುಬಿನ ಒಳಗಿನವರೆಗೂ ಹೋಗುತ್ತವೆ. ಹಲ್ಲು ಅಲ್ಲಿಗೆ ತಾಗಿದ್ದರೆ ತೊಳೆಯುವ ನೀರಿನಲ್ಲೇ ಕೋಳಿ ಮುಳುಗುತ್ತದೆ. ಸುತ್ತಲೂ ಒರಸಿ, ಮೇಲೆ ಶುದ್ಧ ಬಟ್ಟೆ ಮುಚ್ಚಿ ಮೃಗಾಸ್ಪತ್ರೆಗೆ ಒಯ್ಯಿರಿ. ತೊಗಲು ಬಲೂನಿನ ಹಾಗೆ ಉಬ್ಬಿ, ಒತ್ತಿದಾಗ ಚರಚರ ಎಂದರೂ ಕಾರಣ ಇದೇ.

ಹರಿದ ಗಾಯ ನೋಡಲು ಭಯಂಕರ, ಗುಣವಾಗುವುದು ಸುಲಭ. ಬೆನ್ನಿನ ತೊಗಲು ಅಂಗೈಯಷ್ಟು ಸುಲಿದು ಮಾಂಸ ಕಾಣುತ್ತಿದ್ದರೂ, ಒಣಗದಂತೆ ಮತ್ತು ನೊಣ ಕೂರದಂತೆ ನೋಡಿಕೊಂಡರೆ ನಾಲ್ಕರಿಂದ ಆರು ವಾರದಲ್ಲಿ ಅಂಚಿನಿಂದ ತೊಗಲು ಬೆಳೆದು ಮುಚ್ಚುತ್ತದೆ. ಇಂಥದ್ದಕ್ಕೆ ಜೇನು ಒಳ್ಳೆಯದು. ಬೆಲ್ಲದ ಪಾಕ ಬೆರೆಸದ ಪೆಟ್ಟಿಗೆ ಜೇನನ್ನು ತೆಳ್ಳಗೆ ಸವರಿ ಮೇಲೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ. ಕಟ್ಟದೆ ಬಿಟ್ಟರೆ ಇರುವೆ ಬರುತ್ತದೆ.

ತೂತಿನ ಗಾಯ ಇದಕ್ಕೆ ತದ್ವಿರುದ್ಧ. ಅಕ್ಕಿಕಾಳಿನಷ್ಟು ಎರಡು ತೂತು, ರಕ್ತವೂ ಇಲ್ಲ, ಕೋಳಿ ಓಡಾಡುತ್ತಿದೆ, ಮೂರನೇ ದಿನ ಸತ್ತು ಬಿದ್ದಿದೆ. ಬೆಕ್ಕಿನ ಜಾತಿ, ಮರಪಟ್ಟಿ, ಕೀರಿಗಳ ಕೋರೆಹಲ್ಲು ಬಾಯಿಯ ರೋಗಾಣುವನ್ನು ಮಾಂಸದ ಆಳಕ್ಕೆ ನೆಟ್ಟು ಹೋಗಿರುತ್ತದೆ, ಮೇಲಿನ ತೂತು ಅರ್ಧ ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಅರಸಿನ, ಬೇವು ಸಾಲದು. ನಾಟಿ ಮದ್ದಿನ ಮೇಲೆ ಎಷ್ಟು ನಂಬಿಕೆ ಇದ್ದರೂ 24 ಗಂಟೆಯೊಳಗೆ ಪಶುವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ಶುರುವಾಗಬೇಕು. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದೂ ಅವರಲ್ಲೇ ಕೇಳಿಕೊಳ್ಳಿ.

ನಮ್ಮ ಊರುಗಳಲ್ಲಿ ಕೋಳಿ ಅಂಕದ ಹುಂಜಕ್ಕೆ ಹೊಲಿಗೆ ಹಾಕಿ ಪಳಗಿದವರು ಒಬ್ಬರಾದರೂ ಇರುತ್ತಾರೆ, ಗಾಯಗೊಂಡ ಹೇಂಟೆಯನ್ನು ಅವರ ಹತ್ತಿರ ಹೊತ್ತೊಯ್ಯುವುದೂ ಉಂಟು. ಬಾಳು ಎಂಬ ಸಣ್ಣ ಕತ್ತಿ ಕಟ್ಟಿದ ಕಾಲಿನಿಂದಾದದ್ದು ಕತ್ತಿಯ ಗಾಯ, ಅಂಚು ನೇರ, ಒಳಗೆ ಕೊಳೆ ಕಡಿಮೆ. ಕಚ್ಚಿದ ಗಾಯ ಹಾಗಲ್ಲ. ಅದನ್ನು ಹೊಲಿದು ಮುಚ್ಚಿದರೆ ಕೀವಿಗೆ ಹೋಗಲು ದಾರಿ ಉಳಿಯದು. ಹೊಲಿಗೆ ಬೇಕೇ ಬೇಕಾದ ಒಂದು ಗಾಯ ಇದೆ: ತಿಂದ ಅಕ್ಕಿ, ಕುಡಿದ ನೀರು ಕುತ್ತಿಗೆಯ ಬುಡದಿಂದ ಹೊರಗೆ ಬರುತ್ತಿದ್ದರೆ ಮೇವಿನ ಚೀಲ ಹರಿದಿದೆ. ಅದನ್ನು ಒಳಗಿನ ಪದರ ಬೇರೆ, ಹೊರಗಿನ ತೊಗಲು ಬೇರೆ ಎಂದು ವೈದ್ಯರೇ ಹೊಲಿಯಬೇಕು.

ಕಾಲು ಮುರಿದದ್ದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ದಬ್ಬೆ ಇಲ್ಲ. ಹಾಳೆಯನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಬೆರಳಗಲದ ಎರಡು ಪಟ್ಟಿ ಕತ್ತರಿಸಿ, ಒಳಗೆ ಹತ್ತಿ ಇಟ್ಟು ಕಾಲಿನ ಎರಡು ಬದಿಗೆ ಒತ್ತಿ ಬಟ್ಟೆಪಟ್ಟಿ ಸುತ್ತಿ. ಒಣಗುತ್ತಾ ಅದು ಕಾಲಿನ ಆಕಾರಕ್ಕೇ ಬಿಗಿದು ನಿಲ್ಲುತ್ತದೆ. ಹಾಗೆ ಬಿಗಿಯುವುದರಿಂದಲೇ ಮೊದಲ ದಿನ ಸ್ವಲ್ಪ ಸಡಿಲ ಕಟ್ಟಬೇಕು. ಸಂಜೆ ಬೆರಳು ಮುಟ್ಟಿ ನೋಡಿ, ತಣ್ಣಗಾಗಿ ಊದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಮೂರು ವಾರ ಬೇಕು. ಇದು ಗರಿ ಇಲ್ಲದ ಕೆಳಗಾಲಿಗೆ ಮಾತ್ರ, ತೊಡೆಯ ಎಲುಬಿಗೆ ದಬ್ಬೆ ನಿಲ್ಲದು. ರೆಕ್ಕೆ ಜೋತಿದ್ದರೆ ಸಹಜವಾಗಿ ಮಡಚುವ ಹಾಗೇ ಮಡಚಿ, ಮೈ ಸುತ್ತ ಎರಡಿಂಚು ಅಗಲದ ಬಟ್ಟೆಯಲ್ಲಿ ಕಟ್ಟಿ, ನಡುವೆ ಒಂದು ಬೆರಳು ತೂರುವಷ್ಟು ಸಡಿಲ ಬಿಡಿ.

ಎರಡನೇ, ಮೂರನೇ ದಿನ ಗಾಯದ ಸುತ್ತ ತೊಗಲು ಹಸಿರಾದರೆ ಕೊಳೆಯಿತೆಂದು ಗಾಬರಿಯಾಗುವವರು ಬಹಳ. ಅದು ಪೆಟ್ಟಿನ ಕಲೆ. ನಮ್ಮ ಮೈಯಲ್ಲಿ ನೀಲಿಗಟ್ಟುವಂತೆ ಕೋಳಿಯ ಮೈಯಲ್ಲಿ ಹಸಿರುಗಟ್ಟುತ್ತದೆ, ವಾರದಲ್ಲಿ ಮಾಸುತ್ತದೆ. ಕೊಳೆತದ್ದಕ್ಕೆ ನಾತ ಇರುತ್ತದೆ, ಅಂಚು ಕಪ್ಪಗೆ ಒದ್ದೆಯಾಗಿರುತ್ತದೆ. ಕೋಳಿಯ ಕೀವು ಹರಿಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದು ಗಿಣ್ಣದ ಹಾಗೆ ಹಳದಿ ಗಟ್ಟಿ. 'ಕೀವೇ ಬರಲಿಲ್ಲ' ಎಂದು ಸುಮ್ಮನಾದ ಮನೆಯಲ್ಲಿ ತೊಗಲಡಿ ನೆಲ್ಲಿಕಾಯಿಯಷ್ಟು ಗಂಟು ಕೂತಿರುತ್ತದೆ. ಅದನ್ನು ತೆಗೆಸದೆ ಗಾಯ ಮಾಯದು.

ಮಳೆಗಾಲದಲ್ಲಿ ಹುಳ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಯಕ್ಕಿಂತ ನೊಣದ ಹೆದರಿಕೆ ದೊಡ್ಡದು. ನೊಣ ಇಟ್ಟ ಮೊಟ್ಟೆ ನುಚ್ಚಕ್ಕಿಯನ್ನು ಗರಿಯ ಬುಡಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ, ಒಂದು ದಿನದೊಳಗೆ ಒಡೆದು ಹುಳವಾಗುತ್ತದೆ. ಹಾಗಾಗಿ ಬೆಳಗ್ಗೆ, ಸಂಜೆ ಎರಡು ಹೊತ್ತು ಟಾರ್ಚು ಹಾಕಿ ನೋಡುವುದು ತಪ್ಪಬಾರದು. ಮೊಟ್ಟೆ ಕಂಡಲ್ಲಿ ಆ ಗರಿಯನ್ನೇ ಕತ್ತರಿಸಿ ತೆಗೆಯಿರಿ. ಹುಳ ಬಿದ್ದಿದ್ದರೆ ಉಗುರುಬೆಚ್ಚಗಿನ ಉಪ್ಪುನೀರು ಬಿಟ್ಟಾಗ ಉಸಿರಿಗಾಗಿ ಮೇಲೆ ಬರುತ್ತವೆ, ಚಿಮಟದಿಂದ ಒಂದೊಂದಾಗಿ ಹೆಕ್ಕಿ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ, ಒಂದೇ ಸಲಕ್ಕೆ ಎಲ್ಲ ಬರುವುದಿಲ್ಲ. ದನಕ್ಕೆ ಹಚ್ಚುವ ಟರ್ಪಂಟೈನನ್ನು ಕೋಳಿಗೆ ಹಚ್ಚಬೇಡಿ, ತೊಗಲು ಸುಟ್ಟು ಹೋಗುತ್ತದೆ. ಹಳಬರು ಹಚ್ಚುವ ಸೀತಾಫಲದ ಎಲೆಯ ಅರೆಪು ಹುಳಕ್ಕೆ ಹೌದು, ಆದರೆ ಒಂದು ದಿನ ಮಾತ್ರ, ಕಣ್ಣಿಗೆ ತಾಗದಂತೆ. ಬೇವಿನೆಣ್ಣೆಗೆ ನಾಲ್ಕು ಪಾಲು ತೆಂಗಿನೆಣ್ಣೆ ಸೇರಿಸಿ ಗಾಯದ ಒಳಗಲ್ಲ, ಸುತ್ತಲಿನ ಗರಿಗೆ ಸವರಿದರೆ ನೊಣ ಕೂರುವುದು ಕಡಿಮೆಯಾಗುತ್ತದೆ.

ಹಸಿಗಾಯಕ್ಕೆ ಮನೆಯಲ್ಲೇ ಎಣ್ಣೆ ಕಾಯಿಸುವುದಾದರೆ: ಕುಪ್ಪಿಗಿಡದ ಎಲೆ, ಬೇವಿನ ಎಲೆ, ತುಳಸಿ ಒಂದೊಂದು ಸಣ್ಣ ಮುಷ್ಟಿ, ಬೆಳ್ಳುಳ್ಳಿ ಐದು ಎಸಳು, ಅರಸಿನ ಎರಡು ಚಮಚ. ಅರೆದು ಕಾಲು ಲೀಟರ್ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ನೀರಂಶ ಹೋಗುವವರೆಗೆ ಕಾಯಿಸಿ ಸೋಸಿ. ದನದ ಗಾಯಕ್ಕೆ ಹಚ್ಚುವ ಮದ್ದೇ ಇದು. ಕೋಳಿಗೆ ಹಚ್ಚುವಾಗ ಬೆರಳ ತುದಿಯಷ್ಟು ಸಾಕು. ಎಣ್ಣೆ ಗರಿಗೆ ಮೆತ್ತಿಕೊಂಡರೆ ಮಳೆಯ ಥಂಡಿಗೆ ಕೋಳಿ ನಡುಗುತ್ತದೆ.

ಸತ್ತ ಕೋಳಿ ಹೇಳುವ ಸಾಕ್ಷಿ

ಈಗ ಗೂಡಿಗೆ ಬನ್ನಿ. ಮೊದಲು ಕೇಳಬೇಕಾದ ಪ್ರಶ್ನೆ: ಹಗಲೋ ರಾತ್ರಿಯೋ? ಕೀರಿ, ಬಿಜ್ಜು (ಕೋಳಿಮರಿ ಹಿಡಿಯುವ ಗಿಡುಗ), ಕಾಗೆ, ಕೆಂಬೂತ, ಉಡ ಹಗಲಿನವು. ಮರಪಟ್ಟಿ, ನರಿ, ಹೆಗ್ಗಣ, ಹೆಬ್ಬಾವು ಹೆಚ್ಚಾಗಿ ಕತ್ತಲೆಯವು. ಕಾಡುಬೆಕ್ಕು ಮುಂಜಾನೆ, ಮುಸ್ಸಂಜೆಯ ಮಬ್ಬಿನಲ್ಲಿ ಹೆಚ್ಚು. ಬೀದಿನಾಯಿಗೆ ಹೊತ್ತಿಲ್ಲ. ಇಷ್ಟು ಗೊತ್ತಾದರೇ ಅರ್ಧ ಪಟ್ಟಿ ಕಳೆಯಿತು.

ಮೈ ಇದೆ, ತಲೆ ಮಾತ್ರ ಇಲ್ಲ, ಕೋಳಿ ಬಲೆಗೆ ಒತ್ತಿಕೊಂಡು ಬಿದ್ದಿದೆ: ಯಾರೂ ಒಳಗೆ ಬಂದೇ ಇಲ್ಲ. ಹೊರಗಿನಿಂದಲೇ ಸಂದಿನಲ್ಲಿ ತಲೆ ಎಳೆದದ್ದು. ಈಗ ಎಲ್ಲೆಡೆ ಕಾಣುವ, ತಂತಿಬಲೆಯ ಹೈಟೆಕ್ ಗೂಡುಗಳ ಮುಖ್ಯ ದೋಷವೇ ಇದು. ಮೇವು ತಿನ್ನಲು ತಲೆ ಹೊರಗೆ ಹಾಕುವ ಸಂದು ರಾತ್ರಿ ಮರಪಟ್ಟಿಗೆ ಕೈ ಹಾಕುವ ಸಂದಾಗುತ್ತದೆ. ಮಲಗುವ ಕೋಳಿ ಬಲೆಗೆ ಒರಗಿ ಕೂರುತ್ತದೆ, ಹೊರಗೆ ಗೀರಿದ ಸದ್ದಿಗೆ ಬೆದರಿ ಕುತ್ತಿಗೆ ಚಾಚುತ್ತದೆ, ಅಷ್ಟೇ.

ಮೂರು, ನಾಲ್ಕು ಸತ್ತಿವೆ, ಕುತ್ತಿಗೆಯ ಹಿಂದೆ ಅಥವಾ ತಲೆಬುರುಡೆಯ ಬುಡದಲ್ಲಿ ಹಲ್ಲಿನ ಗುರುತು, ತಿಂದದ್ದು ಒಂದರ ತಲೆಯೋ ಎದೆಯೋ ಮಾತ್ರ: ಇಕ್ಕಟ್ಟಾದ ಗೂಡಿನೊಳಗೆ ಹೊಕ್ಕ ಮರಪಟ್ಟಿ ಅಥವಾ ಕೀರಿ. ಸುತ್ತ ಕೋಳಿ ಹಾರುತ್ತಿರುವಷ್ಟು ಹೊತ್ತೂ ಅವು ಕಚ್ಚುತ್ತಲೇ ಇರುತ್ತವೆ, ಹಸಿವಿಗೂ ಅದಕ್ಕೂ ಸಂಬಂಧವಿಲ್ಲ. ಐದು ಸತ್ತು ಒಂದನ್ನೂ ತಿನ್ನದೆ ಹೋದದ್ದು ಕಂಡು ಏನೋ ಉಪದ್ರವೆಂದು ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಹೊರಡುವವರಿದ್ದಾರೆ. ಮೊದಲು ಕುತ್ತಿಗೆಯ ಗರಿ ಸರಿಸಿ ನೋಡಿ. ರಕ್ತ ಹೀರಿದ್ದೆಂಬ ಮಾತಿನಲ್ಲೂ ಹುರುಳಿಲ್ಲ. ಕುತ್ತಿಗೆಯ ನರ ಕಡಿದರೆ ರಕ್ತ ಹರಿದು ಹಾಸಿನೊಳಗೆ ಇಂಗುತ್ತದೆ. ಮರಪಟ್ಟಿ ಎಂದು ಖಾತ್ರಿ ಮಾಡಲು ಮಾಡಿನ ಮೇಲೆ, ಮುರಕಲ್ಲಿನ (ಕೆಂಪುಕಲ್ಲಿನ) ಪಾಗಾರದ, ಅಂದರೆ ಹಿತ್ತಿಲ ಗೋಡೆಯ ಮೇಲೆ ಹಿಕ್ಕೆ ಹುಡುಕಿ. ಬೈನೆ, ಕಾಫಿ, ಪೇರಳೆ ಬೀಜ ಇಡಿಯಾಗಿ ಇರುತ್ತದೆ. ಗೂಡಿನ ಹತ್ತಿರ ಗಂಧಸಾಲೆ ಎಂಬ ಪರಿಮಳದ ಅಕ್ಕಿಯ ಅನ್ನದಂಥ ವಾಸನೆ ಬಂದರೂ ಅದೇ.

ಮೈಯೆಲ್ಲ ಹರಿದು, ಗರಿ ಅಂಗಳವಿಡೀ ಚೆಲ್ಲಿ, ಬಲೆಯೇ ಕಿತ್ತು ಬಾಗಿದ್ದರೆ ನಾಯಿ. ಕೋಳಿಯೇ ಕಾಣೆ, ಅಲ್ಲಲ್ಲಿ ಒಂದೆರಡು ಗರಿಯ ಕಂತೆ, ಅದರ ಜಾಡು ಬಲ್ಲೆಯ ಕಡೆಗೆ ಹೋಗಿದ್ದರೆ ನರಿ (ನಮ್ಮವರ ಬಾಯಲ್ಲಿ ಕುದ್ಕ) ಅಥವಾ ಕಾಡುಬೆಕ್ಕು. ಗರಿಯೂ ಇಲ್ಲ, ರಕ್ತವೂ ಇಲ್ಲ, ಲೆಕ್ಕದಲ್ಲಿ ಮಾತ್ರ ಒಂದು ಕಮ್ಮಿ ಎಂದಾದರೆ ಕೈ ಹಾಕುವ ಮೊದಲು ಗೂಡಿನ ಮೂಲೆ, ಮೊಟ್ಟೆಬುಟ್ಟಿಯ ಹಿಂದೆ ಟಾರ್ಚು ಹಾಕಿ. ತೆಳ್ಳಗಿದ್ದಾಗ ಸಂದಿನಲ್ಲಿ ನುಸುಳಿದ ಹೆಬ್ಬಾವು ಕೋಳಿ ನುಂಗಿದ ಮೇಲೆ ಅದೇ ಸಂದಿನಲ್ಲಿ ಹೊರಗೆ ಹೋಗಲಾರದೆ ಒಳಗೇ ಸುರುಳಿ ಸುತ್ತಿರುತ್ತದೆ. ಸತ್ತ ಕೋಳಿಯ ತಲೆ, ಕುತ್ತಿಗೆ ಮಾತ್ರ ಎಂಜಲಿನಿಂದ ಒದ್ದೆಯಾಗಿ ಗರಿ ಒಂದೇ ಕಡೆಗೆ ಬಾಚಿದ ಹಾಗಿದ್ದರೆ ನುಂಗಲಾಗದೆ ಬಿಟ್ಟು ಹೋದ ಹಾವು.

ಕಾವಿನ ಹೇಂಟೆಯ ಅಡಿಯಿಂದ ಮರಿ ಮಾಯ, ದೊಡ್ಡ ಕೋಳಿಯ ಕಾಲ್ಬೆರಳು ಕಡಿದಿದೆ, ಹತ್ತಿರದಲ್ಲಿ ಹೊಸಮಣ್ಣಿನ ಬಿಲ: ಹೆಗ್ಗಣ. ಮೊಟ್ಟೆಯ ವಿಷಯ ಬೇರೆ. ಚಿಪ್ಪೇ ಉಳಿಯದೆ ಮಾಯವಾದರೆ ಹಾವು ಅಥವಾ ಉಡ, ಮೂಲೆಗೆ ಉರುಳಿಸಿ ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತಾದರೆ ಇಲಿ, ಚುಚ್ಚಿದ ತೂತಾದರೆ ಕಾಗೆ. ಬುಟ್ಟಿಯ ಹುಲ್ಲು ಲೋಳೆ ಲೋಳೆಯಾಗಿ, ಒಂದು ಹೇಂಟೆಯ ಕೊಕ್ಕಿನಲ್ಲಿ ಹಳದಿ ಒಣಗಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಮೊಟ್ಟೆ ಕಾಣೆಯಾಗುವ ಗೂಡಿನಲ್ಲಿ ನಾಗರಹಾವೂ ಇರಬಹುದು, ಕತ್ತಲ ಬುಟ್ಟಿಗೆ ಬರಿಗೈ ಹಾಕುವ ಅಭ್ಯಾಸ ಬಿಡಿ.

ಪ್ರಾಣಿಯೇ ಬಾರದೆಯೂ ಇಂಥ ಗುರುತುಗಳು ಆಗುತ್ತವೆ. ಹಿಂಭಾಗದಿಂದ ಕರುಳು ಹೊರಗೆಳೆದಿದ್ದರೆ ಹೆಚ್ಚಿನ ಸಲ ಅದು ಇಕ್ಕಟ್ಟಿನಲ್ಲಿ ಕೂಡಿಹಾಕಿದ ಕೋಳಿಗಳದ್ದೇ ಕುಟುಕು. ಹೇಂಟೆಯ ಬೆನ್ನು ಬೋಳಾಗಿ ಎರಡು ಬದಿ ಗೀರಿದ್ದರೆ ಹುಂಜನ ಉಗುರು. ಗಾಯವೇ ಇಲ್ಲದೆ ಸತ್ತು, ಹಸಿರು ಹಿಕ್ಕೆ, ಉಳಿದವುಗಳ ಕುತ್ತಿಗೆ ತಿರುಚಿದ್ದರೆ ಕೊಕ್ಕರೆ ರೋಗ (ರಾಣಿಖೇತ್). ರೋಗದಿಂದ ಸತ್ತದ್ದನ್ನು ಹೆಗ್ಗಣ ತಿಂದು, ಮನೆಯವರು ಹೆಗ್ಗಣದ ಬೆನ್ನು ಹತ್ತಿ, ವಾರದೊಳಗೆ ಗೂಡು ಖಾಲಿಯಾಗುವುದು ಹೀಗೆ. ಅದಕ್ಕೆ ಬಲೆಯಲ್ಲ, ಲಸಿಕೆ ಬೇಕು.

ಬೂದಿಯ ಪರೀಕ್ಷೆ

ಗುರುತು ಸಾಲದಿದ್ದರೆ ಹೆಜ್ಜೆ ಹಿಡಿಯಬೇಕು. ನಮ್ಮ ಮುರಮಣ್ಣಿನಲ್ಲಿ ಹೆಜ್ಜೆ ಮೂಡುವುದಿಲ್ಲ. ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ ಎರಡಡಿ ಅಗಲಕ್ಕೆ, ಉಗುರಿನಷ್ಟು ದಪ್ಪಕ್ಕೆ ಹರಡಿ. ಮಾಡಿನ ಅಂಚಿಗೂ ಸ್ವಲ್ಪ ಹಾಕಿ. ಮಳೆಯ ದಿನಗಳಲ್ಲಿ ಬೂದಿಯ ಬದಲು ಒದ್ದೆ ಹೊಯಿಗೆ (ಮರಳು). ಬೆಳಗ್ಗೆ ಕೋಳಿ ಬಿಡುವ ಮೊದಲೇ ನೋಡಬೇಕು. ನಾಲ್ಕು ಬೆರಳು, ಉಗುರಿನ ಚುಕ್ಕಿ ಇದ್ದರೆ ನಾಯಿ ಅಥವಾ ನರಿ, ನರಿಯದ್ದು ಸಪೂರ. ನಾಲ್ಕು ಬೆರಳು, ಉಗುರಿಲ್ಲದಿದ್ದರೆ ಬೆಕ್ಕಿನ ಜಾತಿ. ಐದು ಬೆರಳು ಮೂಡಿದರೆ ಮರಪಟ್ಟಿ ಅಥವಾ ಕೀರಿ, ಕೀರಿಯದ್ದರಲ್ಲಿ ಉಗುರಿನ ಗುರುತು ಉದ್ದಕ್ಕೆ ಮುಂದೆ ಬಿದ್ದಿರುತ್ತದೆ. ನಡುವೆ ಬಾಲದ ಗೆರೆ, ಎರಡು ಬದಿ ಹೆಜ್ಜೆ ಎಂದರೆ ಉಡ. ಅಂಗೈ ಅಗಲದ ನೇರ ಪಟ್ಟಿ ಹೆಬ್ಬಾವಿನದ್ದು. ಬೂದಿಯಲ್ಲಿ ಏನೂ ಮೂಡದೆ ಕೋಳಿ ಮಾತ್ರ ಹೋಗಿದ್ದರೆ ತಲೆಯೆತ್ತಿ ನೋಡಿ: ಮರದ ಕೊಂಬೆ ಮಾಡಿಗೆ ತಾಗುತ್ತಿದೆಯೇ?

ಸಂದು ಮುಚ್ಚುವುದು

ಕಂಡ ಸಂದನ್ನು ಹಗಲಲ್ಲೇ ಮುಚ್ಚಿದ ಮೇಲೆ, ಉಳಿದದ್ದನ್ನು ಹುಡುಕಲು ರಾತ್ರಿ ಗೂಡಿನೊಳಗೆ ಟಾರ್ಚು ಉರಿಸಿ ಇಟ್ಟು ಹೊರಗಿನಿಂದ ಸುತ್ತು ಬನ್ನಿ. ಬೆಳಕು ಸೋರಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಎರಡು ಬೆರಳು ಹೋಗುವ ಸಂದು ಇಲಿಗೂ ಸಣ್ಣ ಹಾವಿಗೂ ಸಾಕು. ಮೂರು ಬೆರಳು ಸೇರಿಸಿ ಹೋದರೆ ಕೀರಿ. ಮುಷ್ಟಿ ಹೋದರೆ ಮರಪಟ್ಟಿ, ಹೆಬ್ಬಾವು.

ಅಂಗಡಿಯಲ್ಲಿ 'ಕೋಳಿ ಬಲೆ' ಎಂದು ಕೊಡುವ ಆರು ಮೂಲೆಯ ತೆಳ್ಳಗಿನ ಬಲೆ ಕೋಳಿಯನ್ನು ಒಳಗೆ ಇಡಲು ಆದೀತು, ಹೊರಗಿನವರನ್ನು ತಡೆಯಲು ಅಲ್ಲ. ನಾಯಿ ಅದನ್ನು ಹಲ್ಲಿನಲ್ಲಿ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ, ಗ್ಯಾಲ್ವನೈಸ್ ಮಾಡಿದ ವೆಲ್ಡ್ ಮೆಶ್ಶೇ ಬೇಕು. ಮೊಳೆ ಹೊಡೆದು ಮಡಚುವುದಲ್ಲ, ಆರಾರು ಇಂಚಿಗೆ ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಸಂದಿನಲ್ಲಿ ತಲೆ ಎಳೆದ ಪ್ರಕರಣವಾದರೆ ಇರುವ ಬಲೆಯಿಂದ ನಾಲ್ಕಿಂಚು ದೂರಕ್ಕೆ ಎರಡನೇ ಬಲೆ ಕಟ್ಟಬೇಕು. ಆಗ ಹೊರಗಿನ ಕೈ ಒಳಗಿನ ಕೋಳಿಗೆ ಮುಟ್ಟದು. ಹಲಗೆ ಸಂದಿನ ನೆಲವಿರುವ ಹಳೆ ಮರದ ಗೂಡಿಗೆ ಅಡಿಯಿಂದಲೂ ಇದೇ ಮೆಶ್, ಆ ಹಲಗೆಯಿಂದ ನಾಲ್ಕಿಂಚು ಕೆಳಗೆ. ಹಿಕ್ಕೆ ಉದುರುತ್ತದೆ, ಹೆಗ್ಗಣಕ್ಕೆ ಕೋಳಿಯ ಬೆರಳು ಎಟುಕುವುದಿಲ್ಲ.

ಅಗೆದು ನುಗ್ಗುವವರಿಗೆ ಆಳಕ್ಕೆ ಗೋಡೆ ಇಳಿಸಬೇಕೆಂದಿಲ್ಲ. ಮುರಕಲ್ಲಿನ ನೆಲದಲ್ಲಿ ಹಾರೆ ಹಿಡಿದು ಒದ್ದಾಡುವ ಬದಲು ಮೆಶ್ಶನ್ನು ಗೂಡಿನ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಮಲಗಿಸಿ, ಮೇಲೆ ಎರಡಿಂಚು ಮಣ್ಣು, ಅಂಚಿಗೆ ಕಲ್ಲು. ಪ್ರಾಣಿ ಅಗೆಯುವುದು ಗೋಡೆಯ ಬುಡದಲ್ಲೇ. ಅಲ್ಲಿ ಉಗುರಿಗೆ ಬಲೆ ತಾಗಿದರೆ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕಿಲ್ಲ.

ಕಂಬದ ಮೇಲಿನ ಗೂಡಾದರೆ ಒಂದೊಂದು ಕಂಬಕ್ಕೂ ಎರಡಡಿ ಎತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿ, ತೆಂಗಿನ ಮರಕ್ಕೆ ಇಲಿ ಹತ್ತದಂತೆ ಕಟ್ಟುತ್ತಾರಲ್ಲ, ಹಾಗೆಯೇ. ಆದರೆ ಹತ್ತಿರದ ಅಡಿಕೆ ಮರದಿಂದ ಮಾಡಿಗೆ ದಾರಿ ಇದ್ದರೆ ತಗಡು ವ್ಯರ್ಥ. ಮಾಡಿನ ಮೇಲೆ ಎಂಟಡಿಯೊಳಗಿನ ಕೊಂಬೆ, ಸೋಗೆ ಎಲ್ಲ ಕಡಿಯಬೇಕು. ಹೆಂಚು ಬರೇ ಇಟ್ಟದ್ದಾದರೆ ಮರಪಟ್ಟಿ ಮೂತಿಯಿಂದ ಎತ್ತುತ್ತದೆ, ಅಡಿಯಲ್ಲಿ ಮೆಶ್ ಹಾಸಿ. ಸೋಗೆ ಮಾಡಿಗೂ ಅಷ್ಟೇ. ಬಾಗಿಲಿಗೆ ಬರಿ ತಿರುಗುವ ಮರದ ತುಂಡು ಸಾಲದು. ಒಂದು ಚಿಲಕ ಮೇಲೆ, ಒಂದು ಕೆಳಗೆ, ಚಿಲಕದ ತೂತಿಗೆ ಒಂದು ಮೊಳೆ. ಬಿಜಾಗರಿಯ ಬದಿಯ ಸಂದನ್ನು ಎಲ್ಲರೂ ಮರೆಯುತ್ತಾರೆ.

ಹಾವು ಬರುವುದು ಮೊದಲು ಇಲಿಗಾಗಿ. ಇಲಿ ಬರುವುದು ಚೆಲ್ಲಿದ ಮೇವಿಗಾಗಿ. ಸಂಜೆ ಮೇವಿನ ಪಾತ್ರೆ ತೆಗೆದು ಮುಚ್ಚಳದ ಡಬ್ಬಕ್ಕೆ ಹಾಕಿ. ತೆಂಗಿನ ಸಿಪ್ಪೆಯ ರಾಶಿ, ಸೌದೆ, ಕಲ್ಲಿನ ಅಟ್ಟಿ ಗೂಡಿನಿಂದ 15 ಅಡಿ ಆಚೆ ಇರಲಿ. ನಾಫ್ತಲಿನ್ ಗುಳಿಗೆ, ಬೆಳ್ಳುಳ್ಳಿ ನೀರಿಗೆ ಹಾವು ಹೆದರದು. ಗುಳಿಗೆಯನ್ನು ಕೋಳಿ ಕುಟುಕಿದರೆ ಕೋಳಿಗೇ ಕುತ್ತು. ಮಿಣುಕುವ ದೀಪ, ರೇಡಿಯೋ ಒಂದು ವಾರ ನಡೆಯುತ್ತದೆ, ಆಮೇಲೆ ಮರಪಟ್ಟಿ ಅದರ ಬೆಳಕಿನಲ್ಲೇ ಬರುತ್ತದೆ. ಗಿನಿಕೋಳಿ ಎರಡು ಸಾಕಿದರೆ ಎಚ್ಚರಿಸುವುದಂತೂ ಹೌದು, ನೆರೆಮನೆಯವರನ್ನೂ ಎಬ್ಬಿಸುತ್ತದೆ. ಬಿಜ್ಜಿಗೆ ಮಾತ್ರ ಸುಲಭದ ಉಪಾಯ ಇದೆ. ಮರಿ ಬಿಡುವ ಜಾಗದ ಮೇಲೆ ಒಂದೊಂದು ಅಡಿಗೆ ಅಡ್ಡ ಉದ್ದ ಚೂಡಿಹಗ್ಗ (ತೆಂಗಿನ ನಾರಿನ ಸಪೂರ ಹಗ್ಗ) ಕಟ್ಟಿ, ನಡುವೆ ಓಡಿ ಅಡಗಲು ಎರಡು ದಾಸವಾಳದ ಪೊದೆ ಬಿಡಿ.

ವಿಷ, ಉರುಳು, ಕರೆಂಟಿನ ತಂತಿ ಇಡಬಾರದು. ಕೀರಿ, ಮರಪಟ್ಟಿ, ಕಾಡುಬೆಕ್ಕು, ನರಿ, ಉಡ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ವಿಷವಿಟ್ಟ ಮಾಂಸ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಎಂಡೋಸಲ್ಫಾನ್ ಕಂಡ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೂಡಿನಲ್ಲಿ ಹೆಬ್ಬಾವು ಸಿಕ್ಕಿಕೊಂಡಿದ್ದರೆ ಬಾಲ ಹಿಡಿದು ಎಳೆಯಬೇಡಿ. ಉಳಿದ ಕೋಳಿ ಹೊರಗೆ ಬಿಟ್ಟು, ಬಾಗಿಲು ಹಾಕಿ, ಮೇಲೆ ಗೋಣಿ ಮುಚ್ಚಿ ಅರಣ್ಯ ಇಲಾಖೆಗೆ ತಿಳಿಸಿ. ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪಿನಲ್ಲಿ ಹತ್ತಿರದ ತರಬೇತಿ ಪಡೆದವರ ವಿವರ ಸಿಗುತ್ತದೆ. ಸತ್ತ ಕೋಳಿಯನ್ನು ತೋಡಿಗೋ ಬಲ್ಲೆಗೋ ಎಸೆದರೆ ನರಿಗೆ ನೀವೇ ದಾರಿ ತೋರಿಸಿದಂತೆ. ಮೂರಡಿ ಗುಂಡಿ, ಮೇಲೆ ಸುಣ್ಣ, ಮಣ್ಣು, ಒಂದು ಕಲ್ಲು.

ಗುಣವಾದದ್ದನ್ನು ಮರಳಿ ಸೇರಿಸುವುದು

ಗಾಯದ ಕೋಳಿಗೆ ಮೊದಲ ಎರಡು ದಿನ ನೀರಿನಲ್ಲಿ ಕಲಸಿದ ಮೇವು, ಬೇಯಿಸಿದ ಮೊಟ್ಟೆಯ ಚೂರು. ಬೆಳಗ್ಗೆ ಮೇವಿನ ಚೀಲ ಮುಟ್ಟಿ ನೋಡಿ, ಖಾಲಿಯಾಗಿದ್ದರೆ ಜೀರ್ಣ ನಡೆಯುತ್ತಿದೆ. ಕಾಲಿನ ಬೆರಳು ಚಿವುಟಿದರೂ ಎಳೆದುಕೊಳ್ಳದೆ ಎರಡು ಕಾಲೂ ಚಾಚಿಯೇ ಇದ್ದರೆ ಬೆನ್ನೆಲುಬು ಹೋಗಿದೆ, ಅದನ್ನು ನರಳಿಸದೆ ವೈದ್ಯರ ಮೂಲಕ ಮುಗಿಸುವುದೇ ಲೇಸು.

ಗಾಯ ಒಣಗಿ ತೊಗಲು ಮುಚ್ಚುವ ಮೊದಲು ಗುಂಪಿಗೆ ಬಿಡಬೇಡಿ. ಎರಡು ವಾರ ದೂರವಿದ್ದ ಕೋಳಿ ಉಳಿದವುಗಳ ಕಣ್ಣಿಗೆ ಪರದೇಶಿ. ಒಂದು ವಾರ ಬಲೆಯ ಆಚೆ ಈಚೆ ಕಾಣುವ ಹಾಗಿಟ್ಟು, ಆಮೇಲೆ ಕತ್ತಲಾದ ಮೇಲೆ ಕೋಳಿಗಳು ಕೂರುವ ಅಟ್ಟಕ್ಕೆ ಏರಿಸಿ. ಹೊಸ ತೊಗಲು ಕೆಂಪಗೆ ಹೊಳೆಯುತ್ತಿದ್ದರೆ ಅದರ ಮೇಲೆ ಜೆನ್ಷನ್ ವಯಲೆಟ್ (ನೇರಳೆ ಬಣ್ಣದ ಮದ್ದು) ಸವರಿ. ಅರಸಿನ ಹಚ್ಚಿದರೆ ಹಳದಿ, ಕೆಂಪು ಸೇರಿ ಇನ್ನಷ್ಟು ಕುಟುಕಿಸಿಕೊಳ್ಳುತ್ತದೆ. ಬೆಳಗ್ಗೆ ಬಾಗಿಲು ತೆಗೆದು ಅರ್ಧ ಗಂಟೆ ಅಲ್ಲೇ ನಿಂತು ನೋಡಿ. ಒಂದೆರಡು ಕುಕ್ಕು ಸಾಮಾನ್ಯ. ಅದು ತಲೆ ತಗ್ಗಿಸಿ ಮೂಲೆ ಹಿಡಿದು, ಎರಡು ಮೂರು ಕೋಳಿ ಸೇರಿ ಅಟ್ಟಿದರೆ ಗಾಯದ್ದನ್ನಲ್ಲ, ಅಟ್ಟುವುದನ್ನು ಹಿಡಿದು ಮೂರು ದಿನ ಬುಟ್ಟಿಯಡಿ ಹಾಕಿ.